ಫರಿಸಾಯರು, ಸದ್ದುಕಾಯರು, ಎಸ್ಸೇನರು: ಒಂದೇ ದೇವಾಲಯ, ಇಷ್ಟೊಂದು ಜಗಳ ಯಾಕೆ?

ಪ್ರಶ್ನೆ: ಹೊಸ ಒಡಂಬಡಿಕೆ ಓದುವಾಗ ಫರಿಸಾಯರು, ಸದ್ದುಕಾಯರು ಅಂತ ಪದೇ ಪದೇ ಬರುತ್ತದೆ. ಇಬ್ಬರೂ ಯೆಹೂದ್ಯರೇ. ದೇವರೂ ಒಬ್ಬನೇ, ದೇವಾಲಯವೂ ಒಂದೇ. ಹಾಗಿದ್ದರೆ ಜಗಳ ಯಾವುದಕ್ಕೆ? ಫರಿಸಾಯರು ನಿಜವಾಗಿಯೂ ಕಪಟಿಗಳಾ? ಎಸ್ಸೇನರು ಅಂತ ಇನ್ನೊಂದು ಪಂಗಡ ಇತ್ತಂತೆ, ಅವರ ಹೆಸರು ಬೈಬಲ್‌ನಲ್ಲಿ ಯಾಕಿಲ್ಲ? ಇವರೆಲ್ಲ ಆಮೇಲೆ ಏನಾದರು?

ಉತ್ತರ: ಒಂದು ಚೊಂಬು ನೀರಿನಿಂದ ಶುರು ಮಾಡೋಣ. ಚೊಂಬಿನಲ್ಲಿ ಮಡಿ ನೀರಿದೆ. ಅದನ್ನು ಮೈಲಿಗೆಯಾದ ಇನ್ನೊಂದು ಪಾತ್ರೆಗೆ ಸುರಿಯುತ್ತೀರಿ. ಸುರಿಯುವಷ್ಟು ಹೊತ್ತು ಮೇಲಿನ ಚೊಂಬಿಗೂ ಕೆಳಗಿನ ಪಾತ್ರೆಗೂ ನಡುವೆ ನೀರಿನ ಧಾರೆ ಇರುತ್ತದಲ್ವಾ? ಕೆಳಗಿನ ಮೈಲಿಗೆ ಆ ಧಾರೆ ಹಿಡಿದು ಮೇಲಕ್ಕೆ ಹತ್ತುತ್ತದಾ? ಚೊಂಬಿನಲ್ಲಿ ಉಳಿದ ನೀರು ಮಡಿಯೋ ಮೈಲಿಗೆಯೋ?

ಹತ್ತುವುದಿಲ್ಲ, ಉಳಿದ ನೀರು ಮಡಿಯೇ ಎಂದರು ಫರಿಸಾಯರು. ಹತ್ತುತ್ತದೆ, ಧಾರೆ ಎರಡನ್ನೂ ಒಂದು ಮಾಡುತ್ತದೆ ಎಂದರು ಸದ್ದುಕಾಯರು. ಈ ವಾದ ಮಿಷ್ನಾದಲ್ಲಿ ದಾಖಲಾಗಿದೆ. ಮಿಷ್ನಾ ಅಂದರೆ ಕ್ರಿ.ಶ. 200ರ ಸುಮಾರಿಗೆ ರಬ್ಬಿಗಳು (ಯೆಹೂದ್ಯ ಧರ್ಮಗುರುಗಳು) ಒಟ್ಟುಗೂಡಿಸಿದ ಆಚಾರದ ಗ್ರಂಥ. ಅಲ್ಲಿ ಫರಿಸಾಯರು ತಿರುಗಿ ಕೇಳುತ್ತಾರೆ: ಸ್ಮಶಾನದೊಳಗಿಂದ ಹರಿದು ಬರುವ ಕಾಲುವೆ ನೀರನ್ನು ನೀವು ಮಡಿ ಅನ್ನುತ್ತೀರಲ್ಲ, ಅದು ಹೇಗೆ?

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಪಂಗಡ ಅಂದ ತಕ್ಷಣ ನಾವು ನಂಬಿಕೆಗಳ ಪಟ್ಟಿ ಹುಡುಕುತ್ತೇವೆ. ಇವರು ಆತ್ಮ ಇದೆ ಅಂದರು, ಅವರು ಇಲ್ಲ ಅಂದರು, ಹೀಗೆ. ಆ ಪಟ್ಟಿ ತಪ್ಪೇನಲ್ಲ. ಆದರೆ ಅವರನ್ನು ದಿನಾ ಬೇರೆ ಬೇರೆ ಮಾಡಿದ್ದು ಬದುಕುವ ರೀತಿ. ಯಾವ ನೀರು ಮಡಿ, ಯಾವ ದಿನ ಹಬ್ಬ, ಯಾರ ಜೊತೆ ಊಟ, ಯಾರ ಕೈಯ ಯಜ್ಞ ದೇವರಿಗೆ ಸಲ್ಲುತ್ತದೆ. ಈ ಸಣ್ಣ ಸಂಗತಿಗಳಿಗಾಗಿ ಜನ ಜೀವ ಕೊಟ್ಟಿದ್ದಾರೆ, ಜೀವ ತೆಗೆದಿದ್ದಾರೆ.

ನಂಬಿಕೆಗಳ ಪಟ್ಟಿ ನಮಗೆ ಬಂದಿದ್ದು ಜೋಸಿಫಸ್‌ನಿಂದ. ಕ್ರಿ.ಶ. 37ರಲ್ಲಿ ಯೆರೂಸಲೇಮಿನ ಯಾಜಕರ ಮನೆತನದಲ್ಲಿ ಹುಟ್ಟಿದವನು. ರೋಮಿನ ವಿರುದ್ಧದ ದಂಗೆಯಲ್ಲಿ ಸೇನಾಪತಿಯಾಗಿದ್ದು ಸೆರೆ ಸಿಕ್ಕ. ಆಮೇಲೆ ರೋಮಿನಲ್ಲೇ ನೆಲೆಸಿ ತನ್ನ ಜನರ ಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದ. ಹದಿಹರೆಯದಲ್ಲಿ ತಾನೇ ಮೂರೂ ಪಂಗಡಗಳನ್ನು ನೋಡಿ, 19ನೇ ವಯಸ್ಸಿಗೆ ಫರಿಸಾಯರ ದಾರಿ ಹಿಡಿದೆ ಅನ್ನುತ್ತಾನೆ. ಅವನ ಓದುಗರು ಗ್ರೀಕ್ ತತ್ವಶಾಸ್ತ್ರ ಓದಿಕೊಂಡವರು. ಅವರಿಗೆ ಅರ್ಥವಾಗಲಿ ಅಂತ ಪಂಗಡಗಳನ್ನು ತತ್ವಜ್ಞಾನದ ಶಾಲೆಗಳ ಹಾಗೆ ಬಿಡಿಸಿಟ್ಟ. ಹಣೆಬರಹದ ವಿಷಯ ತೆಗೆದುಕೊಳ್ಳಿ. ಎಲ್ಲವೂ ಮೊದಲೇ ನಿಗದಿಯಾಗಿದೆ ಅನ್ನುವವರು ಎಸ್ಸೇನರು. ಹಣೆಬರಹ ಅನ್ನುವುದೇ ಇಲ್ಲ, ಒಳ್ಳೆಯದೂ ಕೆಟ್ಟದ್ದೂ ನಮ್ಮ ಕೈಯಲ್ಲೇ ಇದೆ ಅನ್ನುವವರು ಸದ್ದುಕಾಯರು. ಸ್ವಲ್ಪ ಅದು, ಸ್ವಲ್ಪ ಇದು ಅನ್ನುವವರು ಫರಿಸಾಯರು. ಅವನು ಕೊಡುವ ಸಂಖ್ಯೆಗಳನ್ನೂ ಗಮನಿಸಿ: ಫರಿಸಾಯರು 6,000ಕ್ಕಿಂತ ಸ್ವಲ್ಪ ಜಾಸ್ತಿ, ಎಸ್ಸೇನರು 4,000ಕ್ಕಿಂತ ಜಾಸ್ತಿ. ಅಂದರೆ ಹೆಚ್ಚಿನ ಯೆಹೂದ್ಯರು ಯಾವ ಪಂಗಡಕ್ಕೂ ಸೇರಿದವರಲ್ಲ. ಹೊಲ ಉತ್ತು, ಮೀನು ಹಿಡಿದು, ಹಬ್ಬಕ್ಕೆ ಯೆರೂಸಲೇಮಿಗೆ ನಡೆದು ಬರುತ್ತಿದ್ದ ಸಾಮಾನ್ಯ ಜನ.

ಈಗ ಸದ್ದುಕಾಯರಿಗೆ ಬರೋಣ. ದಾವೀದ, ಸೊಲೊಮೋನರ ಕಾಲದ ಚಾದೋಕ್ ಅನ್ನುವ ಯಾಜಕನ ಹೆಸರಿನಿಂದ ಇವರ ಹೆಸರು ಬಂತು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ದೇವಾಲಯದ ದೊಡ್ಡ ಯಾಜಕ ಮನೆತನಗಳು, ಹಣವಂತರು ಇವರ ಕಡೆ ಇದ್ದರು. ಮೋಶೆಯ ಧರ್ಮಶಾಸ್ತ್ರದಲ್ಲಿ ಬರೆದಿರುವುದಷ್ಟೇ ಕಟ್ಟಳೆ, ಹಿರಿಯರು ಬಾಯಿಂದ ಬಾಯಿಗೆ ದಾಟಿಸಿದ್ದಕ್ಕೆ ಆ ಅಧಿಕಾರ ಇಲ್ಲ ಅನ್ನುವುದು ಇವರ ನಿಲುವು. ಸತ್ತವರು ಮತ್ತೆ ಎದ್ದು ಬರುತ್ತಾರೆ ಅನ್ನುವುದನ್ನು ಇವರು ಒಪ್ಪಲಿಲ್ಲ. ಹಾಗಂತ ಇವರನ್ನು ನಾಸ್ತಿಕರು ಅನ್ನಬೇಡಿ. ಮೋಶೆಯ ಐದು ಪುಸ್ತಕಗಳಲ್ಲಿ ಸತ್ತವರ ಪುನರುತ್ಥಾನ ಎಲ್ಲೂ ಬಿಡಿಸಿ ಹೇಳಿಲ್ಲ. ಅದು ಸ್ಪಷ್ಟವಾಗಿ ಬರುವುದು ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ. ಆ ಪುಸ್ತಕ ಈಗಿರುವ ರೂಪಕ್ಕೆ ಬಂದಿದ್ದು ಕ್ರಿ.ಪೂ. 2ನೇ ಶತಮಾನದಲ್ಲಿ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಈ ವಿಷಯದಲ್ಲಿ ಹಳೆಯದನ್ನು ಹಿಡಿದುಕೊಂಡವರು ಸದ್ದುಕಾಯರು, ಹೊಸದನ್ನು ಒಪ್ಪಿಕೊಂಡವರು ಫರಿಸಾಯರು.

ಆ ಹೊಸ ನಂಬಿಕೆ ಆಗಲೇ ಯಾಕೆ ಬಲವಾಯಿತು? ಕ್ರಿ.ಪೂ. 167ರಲ್ಲಿ ಸಿರಿಯಾದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರ ಆಚಾರಗಳನ್ನೇ ನಿಷೇಧಿಸಿದ. ವಾರದ ವಿಶ್ರಾಂತಿ ದಿನವಾದ ಸಬ್ಬತ್ ಆಚರಿಸಿದರೆ ಸಾವು. ಮಗುವಿಗೆ ಸುನ್ನತಿ ಮಾಡಿಸಿದರೆ ತಾಯಿಗೂ ಸಾವು. ಅಲ್ಲಿಯವರೆಗೆ ಜನರ ಲೆಕ್ಕ ಸರಳವಾಗಿತ್ತು: ಧರ್ಮ ಪಾಲಿಸಿದವನು ಬಾಳುತ್ತಾನೆ, ಮೀರಿದವನು ಹಾಳಾಗುತ್ತಾನೆ. ಈಗ ಧರ್ಮ ಪಾಲಿಸಿದ್ದಕ್ಕೇ ಸಾಯುತ್ತಿದ್ದಾರೆ. ಒಬ್ಬ ತಾಯಿಯ ಏಳು ಗಂಡುಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಚಿತ್ರಹಿಂಸೆ ಕೊಟ್ಟು ಕೊಂದ ಕಥೆ ಆ ಕಾಲದ್ದೇ. ದೇವರು ನನಗೆ ಈ ಕೈಗಳನ್ನು ಮತ್ತೆ ಕೊಡುತ್ತಾನೆ ಅಂತ ನಂಬಿ ಅವರಲ್ಲೊಬ್ಬ ಕೈ ಚಾಚುತ್ತಾನೆ. ಪುನರುತ್ಥಾನದ ನಂಬಿಕೆ ಗಟ್ಟಿಯಾಗಿದ್ದು ಇಂಥ ಸಂಕಟದಲ್ಲಿ. ಅದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ನಿಷೇಧದ ವಿರುದ್ಧ ಮಕ್ಕಾಬಿಯರು ದಂಗೆ ಎದ್ದರು. ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧ ಮಾಡಿದರು. ಇವತ್ತಿನ ಹನುಕ್ಕಾ ಹಬ್ಬ ಅದರ ನೆನಪೇ. ಗೆದ್ದವರು ನಿಧಾನವಾಗಿ ತಾವೇ ದೊರೆಗಳಾದರು. ಕ್ರಿ.ಪೂ. 152ರಲ್ಲಿ ಅವರಲ್ಲೊಬ್ಬನಾದ ಯೋನಾತಾನ ಮಹಾಯಾಜಕನ ಪಟ್ಟವನ್ನೂ ಹಿಡಿದ. ಅವನ ಮನೆತನ ಯಾಜಕರದ್ದೇ, ಆದರೆ ಮಹಾಯಾಜಕರ ವಂಶ ಅಲ್ಲ. ಪಂಗಡಗಳ ಹೆಸರು ಚರಿತ್ರೆಯಲ್ಲಿ ಮೊದಲು ಕಾಣಿಸುವುದು ಈ ಹೊತ್ತಿನಲ್ಲೇ.

ಫರಿಸಾಯರು ಅನ್ನುವುದಕ್ಕೆ ಬೇರೆಯಾದವರು ಅಂತ ಅರ್ಥ. ಬರೆದ ಶಾಸ್ತ್ರದ ಜೊತೆಗೆ ಹಿರಿಯರ ಬಾಯಿಮಾತಿನ ಪರಂಪರೆಗೂ ಅವರು ಬೆಲೆ ಕೊಟ್ಟರು. ಇದರಿಂದ ಕಟ್ಟುಪಾಡು ಹೆಚ್ಚಾಯಿತು ಅಂತ ಸುಮಾರು ಜನ ತಿಳಿದಿದ್ದಾರೆ. ಎಷ್ಟೋ ಕಡೆ ಆಗಿದ್ದು ಅದರ ಉಲ್ಟಾ. ಏಳನೇ ವರ್ಷ ಸಾಲಗಳೆಲ್ಲ ಮನ್ನಾ ಅನ್ನುತ್ತದೆ ಧರ್ಮಶಾಸ್ತ್ರ. ಬಡವರ ಒಳ್ಳೆಯದಕ್ಕೇ ಮಾಡಿದ ನಿಯಮ. ಆದರೆ ಏಳನೇ ವರ್ಷ ಹತ್ತಿರ ಬಂದ ಹಾಗೆ ಯಾರೂ ಸಾಲ ಕೊಡುತ್ತಿರಲಿಲ್ಲ. ಕೊಟ್ಟ ದುಡ್ಡು ವಾಪಸ್ ಬರಲ್ಲವಲ್ಲ. ಬಿತ್ತನೆಗೆ ದುಡ್ಡಿಲ್ಲದ ಬಡವನೇ ಕಷ್ಟಕ್ಕೆ ಬಿದ್ದ. ಆಗ ಹಿಲ್ಲೇಲ್ ಒಂದು ದಾರಿ ಮಾಡಿದ. ಹೆರೋದ ದೊರೆಯ ಕಾಲದ ದೊಡ್ಡ ಗುರು ಅವನು, ಬಾಬಿಲೋನಿನಿಂದ ಬಂದವನು. ಸಾಲ ಕೊಟ್ಟವನು ಅದರ ವಸೂಲಿಯನ್ನು ನ್ಯಾಯಸಭೆಗೆ ಒಪ್ಪಿಸಿ ಪತ್ರ ಬರೆದುಕೊಟ್ಟರೆ ಆ ಸಾಲ ಏಳನೇ ವರ್ಷಕ್ಕೆ ಮನ್ನಾ ಆಗುವುದಿಲ್ಲ. ಪ್ರೊಸ್ಬುಲ್ ಅಂತ ಆ ಪತ್ರದ ಹೆಸರು. ಅಕ್ಷರ ಹಾಗೇ ಉಳಿಯಿತು, ಬಡವನಿಗೆ ಸಾಲವೂ ಸಿಕ್ಕಿತು. ಫರಿಸಾಯರ ಮನಸ್ಸು ಹೇಗೆ ಕೆಲಸ ಮಾಡುತ್ತಿತ್ತು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಜನ ಇವರ ಕಡೆ ಇದ್ದರು. ಸದ್ದುಕಾಯರು ಅಧಿಕಾರದಲ್ಲಿದ್ದಾಗಲೂ ಫರಿಸಾಯರು ಹೇಳಿದ ಹಾಗೇ ನಡೆಯಬೇಕಾಗಿತ್ತು, ಇಲ್ಲದಿದ್ದರೆ ಜನ ಸಹಿಸುತ್ತಿರಲಿಲ್ಲ ಅಂತ ಜೋಸಿಫಸ್ ಬರೆದಿದ್ದಾನೆ. ಸಹಿಸದೇ ಹೋದರೆ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ಘಟನೆ ಇದೆ.

ಪರ್ಣಶಾಲೆಗಳ ಹಬ್ಬ. ಮಳೆಗಾಲ ಶುರುವಾಗುವ ಮುಂಚಿನ ಹಬ್ಬ ಅದು. ಜನರ ಒಂದು ಕೈಯಲ್ಲಿ ಖರ್ಜೂರದ ಗರಿ, ಇನ್ನೊಂದರಲ್ಲಿ ಮಾದಳ ಹಣ್ಣು. ಆ ದಿನಗಳಲ್ಲಿ ಯಾಜಕ ಯಜ್ಞವೇದಿಯ ಮೇಲೆ ನೀರು ಎರೆಯಬೇಕು ಅನ್ನುವುದು ಬಾಯಿಮಾತಿನ ಪರಂಪರೆ. ಶಾಸ್ತ್ರದಲ್ಲಿ ಬರೆದಿಲ್ಲ. ಒಬ್ಬ ಯಾಜಕ ನೀರನ್ನು ವೇದಿಯ ಮೇಲೆ ಎರೆಯದೆ ತನ್ನ ಕಾಲ ಮೇಲೆ ಸುರಿದುಕೊಂಡನಂತೆ. ಸುತ್ತ ನಿಂತಿದ್ದ ಜನ ಕೈಯಲ್ಲಿದ್ದ ಮಾದಳ ಹಣ್ಣುಗಳನ್ನೇ ಅವನ ಮೇಲೆ ತೂರಿದರು. ಅಂದಿನಿಂದ ನೀರು ಎರೆಯುವವನಿಗೆ ‘ಕೈ ಮೇಲೆತ್ತು’ ಅಂತ ಕೂಗಿ ಹೇಳುವ ರೂಢಿ ಬಂತು ಅನ್ನುತ್ತದೆ ಮಿಷ್ನಾ. ಎಲ್ಲರಿಗೂ ಕಾಣಬೇಕಲ್ಲ. ಇದೇ ಹಬ್ಬದಲ್ಲಿ ದೊರೆಯೂ ಮಹಾಯಾಜಕನೂ ಆಗಿದ್ದ ಅಲೆಕ್ಸಾಂಡರ್ ಜನ್ನಾಯಸ್‌ಗೆ ಜನ ಮಾದಳ ಹಣ್ಣಿನಿಂದ ಹೊಡೆದರು ಅಂತ ಜೋಸಿಫಸ್ ಕೂಡ ಬರೆದಿದ್ದಾನೆ. ಎರಡೂ ಒಂದೇ ಘಟನೆ ಇರಬಹುದು ಅಂತ ಬಹಳ ವಿದ್ವಾಂಸರು ಊಹಿಸುತ್ತಾರೆ. ಜನ್ನಾಯಸ್ ಸೈನಿಕರನ್ನು ಬಿಟ್ಟು ಸುಮಾರು 6,000 ಜನರನ್ನು ಕೊಲ್ಲಿಸಿದ. ಮುಂದೆ ಒಳಯುದ್ಧವೇ ಆಯಿತು. ಕೊನೆಗೆ ಅವನು 800 ವಿರೋಧಿಗಳನ್ನು ಯೆರೂಸಲೇಮಿನಲ್ಲಿ ಶಿಲುಬೆಗೆ ಹಾಕಿಸಿದ. ಅವರ ಉಸಿರು ಹೋಗುವ ಮುಂಚೆ ಅವರ ಕಣ್ಣೆದುರೇ ಹೆಂಡತಿ ಮಕ್ಕಳ ಕತ್ತು ಕುಯ್ಯಿಸಿದ. ಅವನ ನಂತರ ಪಟ್ಟಕ್ಕೆ ಬಂದ ಅವನ ಹೆಂಡತಿ ಸಲೋಮೆ ಅಲೆಕ್ಸಾಂಡ್ರಾ ಕ್ರಿ.ಪೂ. 76ರಿಂದ 67ರವರೆಗೆ ಆಳಿದಳು. ಅವಳು ಫರಿಸಾಯರನ್ನು ಹತ್ತಿರ ಕರೆದುಕೊಂಡಳು.

ಎಸ್ಸೇನರ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ಬೈಬಲ್‌ನಲ್ಲಷ್ಟೇ ಅಲ್ಲ, ರಬ್ಬಿಗಳ ಗ್ರಂಥಗಳಲ್ಲೂ ಇಲ್ಲ. ಅದು ಬರುವುದು ಯೆಹೂದ್ಯ ತತ್ವಜ್ಞಾನಿ ಫಿಲೋ, ಜೋಸಿಫಸ್, ರೋಮಿನ ಲೇಖಕ ಪ್ಲಿನಿ ಇಂಥವರ ಗ್ರೀಕ್ ಮತ್ತು ಲ್ಯಾಟಿನ್ ಬರಹಗಳಲ್ಲಿ. ಅವರು ತಮ್ಮನ್ನು ತಾವು ಆ ಹೆಸರಿನಿಂದ ಕರೆದುಕೊಳ್ಳುತ್ತಿದ್ದರು ಅನ್ನುವುದಕ್ಕೂ ಆಧಾರ ಸಿಕ್ಕಿಲ್ಲ. ಮೇಲಾಗಿ ಅವರು ಬೀದಿಯಲ್ಲಿ ನಿಂತು ವಾದ ಮಾಡುವವರಲ್ಲ, ತಮ್ಮ ಪಾಡಿಗೆ ಗುಂಪಾಗಿ ಬದುಕುವವರು. ಆಸ್ತಿ ಎಲ್ಲರದ್ದೂ ಒಟ್ಟಿಗೆ. ಬಿಳಿ ಬಟ್ಟೆ. ಊಟಕ್ಕೆ ಮುಂಚೆ ತಣ್ಣೀರು ಸ್ನಾನ, ಆಮೇಲೆ ಮಾತಿಲ್ಲದ ಪಂಕ್ತಿ. ಗುಂಪಿಗೆ ಸೇರಲು ಬಂದವನ ಕೈಗೆ ಮೊದಲೇ ಒಂದು ಸಣ್ಣ ಸಲಿಕೆ ಕೊಡುತ್ತಿದ್ದರು. ಬಯಲಿಗೆ ಹೋದಾಗ ಒಂದಡಿ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಸಬ್ಬತ್ ದಿನ ಗುಂಡಿ ತೋಡುವುದು ಕೆಲಸ ಅನ್ನಿಸಿಕೊಳ್ಳುತ್ತದೆ, ಹಾಗಾಗಿ ಆ ದಿನ ಅದಕ್ಕೂ ಹೋಗುತ್ತಿರಲಿಲ್ಲ. ಮೂರು ವರ್ಷ ಪರೀಕ್ಷೆ ಮಾಡಿಯೇ ಪೂರ್ತಿ ಸದಸ್ಯನನ್ನಾಗಿ ಮಾಡುತ್ತಿದ್ದರು. ಮೃತ ಸಮುದ್ರದ ಪಶ್ಚಿಮ ದಡದಲ್ಲಿ ಹೆಂಗಸರಿಲ್ಲದೆ, ದುಡ್ಡಿಲ್ಲದೆ, ಖರ್ಜೂರದ ಮರಗಳನ್ನೇ ಜೊತೆ ಮಾಡಿಕೊಂಡು ಬದುಕುವ ಜನ ಅಂತ ಪ್ಲಿನಿ ಬರೆದ. ಅವರಲ್ಲೇ ಮದುವೆಯಾಗುವ ಒಂದು ಕವಲೂ ಇತ್ತು, ಊರೂರಲ್ಲೂ ಅವರಿದ್ದರು ಅನ್ನುತ್ತಾನೆ ಜೋಸಿಫಸ್.

ಇಷ್ಟೂ ಹೊರಗಿನವರ ಮಾತು. 1947ರ ಹೊತ್ತಿಗೆ ಮೃತ ಸಮುದ್ರದ ಹತ್ತಿರ ಕುಮ್ರಾನ್ ಅನ್ನುವ ಕಡೆ ಬೆಡೂಯಿನ್ ಕುರಿಗಾಹಿಗಳಿಗೆ ಒಂದು ಗುಹೆಯಲ್ಲಿ ಮಣ್ಣಿನ ಜಾಡಿಗಳು ಸಿಕ್ಕವು. ಒಳಗೆ ಚರ್ಮದ ಸುರುಳಿಗಳು. 1956ರವರೆಗೆ 11 ಗುಹೆಗಳಿಂದ 900ಕ್ಕೂ ಹೆಚ್ಚು ಹಸ್ತಪ್ರತಿಗಳ ತುಂಡುಗಳು ಹೊರಬಂದವು. ಇವು ಎಸ್ಸೇನರದ್ದೇ ಅಂತ ಹೆಚ್ಚಿನವರು ಒಪ್ಪುತ್ತಾರೆ, ಒಪ್ಪದವರೂ ಇದ್ದಾರೆ. ನನಗೆ ಒಪ್ಪುವ ಕಡೆಯೇ ವಾಲಿಕೆ ಜಾಸ್ತಿ. ಸದಸ್ಯತ್ವದ ಹಂತಗಳು, ಒಟ್ಟಿನ ಆಸ್ತಿ, ಪಂಕ್ತಿಯ ಊಟ ಎಲ್ಲ ಹತ್ತಿರ ಹತ್ತಿರ ಹೊಂದುತ್ತವೆ. ಗುಂಪಿನ ನಿಯಮಗಳ ಸುರುಳಿ ಓದಿದರೆ ಆ ಸಭೆ ಕಣ್ಣ ಮುಂದೆ ಬರುತ್ತದೆ. ಸಭೆಯಲ್ಲಿ ನಿದ್ದೆ ಮಾಡಿದರೆ 30 ದಿನ ಶಿಕ್ಷೆ. ಉಗುಳಿದರೆ 30 ದಿನ. ಇನ್ನೊಬ್ಬ ಮಾತಾಡುವಾಗ ಮಧ್ಯೆ ಬಾಯಿ ಹಾಕಿದರೆ 10 ದಿನ. ಆಸ್ತಿಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ ಒಂದು ವರ್ಷ ಗುಂಪಿನ ಮಡಿ ಊಟದಿಂದ ಹೊರಗೆ, ರೊಟ್ಟಿಯಲ್ಲೂ ಕಾಲು ಭಾಗ ಕಡಿತ.

ಅವರು ಯೆರೂಸಲೇಮಿನಿಂದ ದೂರವಾಗಲು ಮುಖ್ಯ ಕಾರಣಗಳಲ್ಲಿ ಒಂದು ಪಂಚಾಂಗ. ದೇವಾಲಯದಲ್ಲಿ ನಡೆಯುತ್ತಿದ್ದದ್ದು ಚಂದ್ರನ ತಿಂಗಳ ಲೆಕ್ಕ, ನಮ್ಮ ಹಾಗೇ ಆಗಾಗ ಅಧಿಕ ಮಾಸ ಸೇರಿಸಿ. ಕುಮ್ರಾನಿನವರದ್ದು 364 ದಿನಗಳ ವರ್ಷ. 364ನ್ನು 7ರಿಂದ ಭಾಗಿಸಿ ನೋಡಿ, ಸರಿಯಾಗಿ 52 ವಾರ. ಪ್ರತಿ ಹಬ್ಬವೂ ಪ್ರತಿ ವರ್ಷ ವಾರದ ಅದೇ ದಿನಕ್ಕೆ ಬೀಳುತ್ತದೆ. ವರ್ಷ ಶುರುವಾಗುವುದು ಬುಧವಾರ, ಯಾಕೆಂದರೆ ದೇವರು ಸೂರ್ಯ ಚಂದ್ರರನ್ನು ಮಾಡಿದ್ದು ಸೃಷ್ಟಿಯ ನಾಲ್ಕನೇ ದಿನ. ಅವರ ದೃಷ್ಟಿಯಲ್ಲಿ ದೇವಾಲಯದವರು ಹಬ್ಬವನ್ನೇ ತಪ್ಪು ದಿನ ಮಾಡುತ್ತಿದ್ದರು. ತಪ್ಪು ದಿನ ಕೊಟ್ಟ ಯಜ್ಞ ದೇವರಿಗೆ ಸಲ್ಲುತ್ತದಾ? ಒಂದು ಸುರುಳಿಯಲ್ಲಿ ‘ದುಷ್ಟ ಯಾಜಕ’ನೊಬ್ಬ ಅವರ ‘ನೀತಿಯ ಗುರು’ವನ್ನು ದೋಷಪರಿಹಾರಕ ದಿನದಂದೇ ಅಟ್ಟಿಸಿಕೊಂಡು ಬಂದ ಕಥೆ ಇದೆ. ವರ್ಷದಲ್ಲೇ ಅತಿ ದೊಡ್ಡ ಉಪವಾಸದ ದಿನ ಅದು. ಅವತ್ತು ಯಾಜಕನಾದವನು ದೇವಾಲಯ ಬಿಟ್ಟು ಪ್ರಯಾಣ ಮಾಡಲು ಸಾಧ್ಯವಾ? ಅವನ ಪಂಚಾಂಗದಲ್ಲಿ ಆ ದಿನ ಬೇರೆ ಇದ್ದಿದ್ದಕ್ಕೇ ಸಾಧ್ಯವಾಯಿತು ಅಂತ ವಿದ್ವಾಂಸರು ಹೇಳುತ್ತಾರೆ.

ಮೊದಲು ಹೇಳಿದ ನೀರಿನ ಧಾರೆಯನ್ನು ಈಗ ನೆನಪಿಸಿಕೊಳ್ಳಿ. ನಾಲ್ಕನೇ ಗುಹೆಯಲ್ಲಿ ಪತ್ರದಂಥ ಒಂದು ಬರಹದ ಆರು ಪ್ರತಿಗಳ ತುಂಡುಗಳು ಸಿಕ್ಕಿವೆ. ಅದರ ಪೂರ್ತಿ ಪ್ರಕಟಣೆ ಆಗಿದ್ದು 1994ರಲ್ಲಿ. ಈ ಈ ವಿಷಯದಲ್ಲಿ ನಾವು ಹೀಗನ್ನುತ್ತೇವೆ, ಅದಕ್ಕೇ ಹೆಚ್ಚಿನ ಜನರಿಂದ ಬೇರೆಯಾದೆವು ಅಂತ ಅದು ಸಮಾಧಾನದಿಂದ ಹೇಳುತ್ತಾ ಹೋಗುತ್ತದೆ. ಯೆರೂಸಲೇಮಿಗೆ ನಾಯಿಗಳನ್ನು ಬಿಡಬೇಡಿ, ಯಜ್ಞದ ಮಾಂಸ ಅಂಟಿದ ಎಲುಬು ತಿಂದಾವು ಅನ್ನುತ್ತದೆ. ಧಾರೆ ಮತ್ತು ಅದು ಬೀಳುವ ಪಾತ್ರೆ ಎರಡೂ ಒಂದೇ, ಧಾರೆ ಮೈಲಿಗೆಯನ್ನು ತಡೆಯುವುದಿಲ್ಲ ಅಂತಲೂ ಅನ್ನುತ್ತದೆ. ಮಿಷ್ನಾದಲ್ಲಿ ಸದ್ದುಕಾಯರ ಬಾಯಲ್ಲಿ ಬಂದ ಮಾತು ಇದೇ ಅಲ್ವಾ? ಆದರೆ ದೇವದೂತರು, ಮೊದಲೇ ಬರೆದ ಹಣೆಬರಹ, ಇವೆಲ್ಲ ಈ ಸುರುಳಿಗಳ ತುಂಬ ಇವೆ. ಸದ್ದುಕಾಯರು ಅದನ್ನು ಒಪ್ಪುವವರಲ್ಲ. ಅಂದರೆ ಮಡಿಯ ವಿಷಯದಲ್ಲಿ ಒಬ್ಬರ ಹಾಗೆ, ನಂಬಿಕೆಯಲ್ಲಿ ಇನ್ನೊಬ್ಬರ ಹಾಗೆ. ಜೋಸಿಫಸ್ ಕೊಟ್ಟ ಮೂರು ಖಾನೆಗಳಲ್ಲಿ ಇವರನ್ನು ಸಲೀಸಾಗಿ ಕೂರಿಸಲು ಆಗುವುದಿಲ್ಲ.

ಸುರುಳಿಗಳು ಫರಿಸಾಯರನ್ನೂ ಬಿಡುವುದಿಲ್ಲ. ‘ನಯವಾದದ್ದನ್ನು ಹುಡುಕುವವರು’ ಅಂತ ಅವು ಜರೆಯುವುದು ಇವರನ್ನೇ ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಸುಲಭದ ದಾರಿ ಹುಡುಕುತ್ತಾರೆ ಅನ್ನುವುದು ಆರೋಪ. ಸಬ್ಬತ್ ದಿನ ದನ ಹಳ್ಳಕ್ಕೆ ಬಿದ್ದರೂ ಎತ್ತಬಾರದು ಅನ್ನುವಷ್ಟು ಬಿಗಿ ಈ ಸುರುಳಿಗಳವರದ್ದು. ಮತ್ತಾಯನ 12ನೇ ಅಧ್ಯಾಯದಲ್ಲಿ ಯೇಸು, ನಿಮ್ಮಲ್ಲಿ ಯಾರು ತಾನೇ ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ ದಿನ ಎತ್ತದೆ ಇರುತ್ತಾನೆ ಅಂತ ಫರಿಸಾಯರನ್ನೇ ಕೇಳುತ್ತಾನೆ. ಅವರು ಎತ್ತುತ್ತಾರೆ ಅಂತ ಗೊತ್ತಿದ್ದೇ ಕೇಳುವ ಪ್ರಶ್ನೆ ಅದು.

ಇಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಇಲ್ಲ, ಫರಿಸಾಯರೆಲ್ಲ ಕಪಟಿಗಳಲ್ಲ. ಸುವಾರ್ತೆಗಳಲ್ಲಿ ಬರುವ ಕಟು ಮಾತುಗಳು ಒಂದೇ ಮನೆಯೊಳಗಿನ ಜಗಳದವು. ಹತ್ತಿರದವರ ಮಧ್ಯೆ ಮಾತು ಯಾವಾಗಲೂ ಚುರುಕು. ಸತ್ತವರು ಏಳುತ್ತಾರಾ ಅಂತ ಸದ್ದುಕಾಯರು ಏಳು ಅಣ್ಣತಮ್ಮಂದಿರಿಗೆ ಹೆಂಡತಿಯಾದ ಹೆಂಗಸಿನ ಕಥೆ ಹೇಳಿ ಯೇಸುವನ್ನು ಸಿಕ್ಕಿಸಲು ನೋಡಿದಾಗ ಅವನು ನಿಂತಿದ್ದು ಫರಿಸಾಯರ ನಂಬಿಕೆಯ ಕಡೆಗೇ. ಹೆರೋದ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಅಂತ ಯೇಸುವನ್ನು ಎಚ್ಚರಿಸಿದವರೂ ಫರಿಸಾಯರೇ, ಲೂಕ 13 ನೋಡಿ (ಈ ಹೆರೋದ ಹಿಲ್ಲೇಲನ ಕಾಲದ ದೊರೆಯ ಮಗ). ಕಪಟಿಗಳು ಅವರಲ್ಲೂ ಇದ್ದರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಮಿಷ್ನಾದ ಮೇಲೆ ಮುಂದಿನ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಏಳು ಬಗೆಯ ಫರಿಸಾಯರ ಪಟ್ಟಿ ಇದೆ, ಅದರಲ್ಲಿ ಹೆಚ್ಚಿನವು ತೋರಿಕೆಯ ಭಕ್ತರಿಗೆ ಕೊಟ್ಟ ಪೆಟ್ಟು. ಈ ಹೆಸರನ್ನೇ ಬೈಗುಳ ಮಾಡಿ ಯೂರೋಪಿನಲ್ಲಿ ನೂರಾರು ವರ್ಷ ಯೆಹೂದ್ಯರನ್ನು ಹೀಯಾಳಿಸಿದ್ದಾರೆ. ಹಾಗಾಗಿ ನಾವು ಕನ್ನಡದಲ್ಲಿ ಬರೆಯುವಾಗಲೂ, ಪ್ರಸಂಗ ಮಾಡುವಾಗಲೂ ಈ ಪದ ಬಳಸುವ ಮುಂಚೆ ಒಂದು ಕ್ಷಣ ಯೋಚಿಸಬೇಕು ಅನ್ನುವುದು ನನ್ನ ಕಳಕಳಿಯ ಕೋರಿಕೆ.

ನಾಲ್ಕನೆಯ ಗುಂಪು ಒಂದಿದೆ. ಕ್ರಿ.ಶ. 6ರಲ್ಲಿ ರೋಮಿನವರು ತೆರಿಗೆಗಾಗಿ ಜನಗಣತಿ ಮಾಡಿದಾಗ ಗಲಿಲಾಯದ ಯೂದ ಎದ್ದು ನಿಂತ. ನಂಬಿಕೆಯಲ್ಲಿ ಫರಿಸಾಯರ ಹಾಗೇ, ಆದರೆ ದೇವರೊಬ್ಬನೇ ನಮ್ಮ ಒಡೆಯ, ಇನ್ನೊಬ್ಬ ಒಡೆಯನಿಗೆ ತಲೆ ಬಾಗುವುದಿಲ್ಲ ಅನ್ನುವ ಹಟ. ಮುಂದೆ ಇದೇ ದಾರಿಯಲ್ಲಿ ಸಿಕಾರಿಗಳು ಬಂದರು. ಹಬ್ಬದ ಗುಂಪಿನಲ್ಲಿ ಬಟ್ಟೆಯೊಳಗೆ ಬಾಕು ಬಚ್ಚಿಟ್ಟುಕೊಂಡು ಬಂದು, ರೋಮಿನ ಪರ ಇದ್ದವರನ್ನು ತಿವಿದು ಜನರ ನಡುವೆ ಮಾಯವಾಗುತ್ತಿದ್ದರು. 66ರಲ್ಲಿ ದಂಗೆ. 68ರಲ್ಲಿ ಕುಮ್ರಾನ್ ಸುಟ್ಟುಹೋಯಿತು. 70ರಲ್ಲಿ ದೇವಾಲಯ. ಅದಾದ ಮೂರ್ನಾಲ್ಕು ವರ್ಷಕ್ಕೆ ದಂಗೆಕೋರರ ಕೈಲಿದ್ದ ಮಸಾದಾ ಕೋಟೆಯೂ ಬಿತ್ತು.

ದೇವಾಲಯ ಹೋದ ಮೇಲೆ ಸದ್ದುಕಾಯರಿಗೆ ನಿಲ್ಲಲು ನೆಲವೇ ಇರಲಿಲ್ಲ. ಅವರು ಬರೆದ ಒಂದೇ ಒಂದು ಪುಸ್ತಕವೂ ಉಳಿದಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅವರನ್ನು ಒಪ್ಪದವರು ಹೇಳಿದ್ದು. ಎಸ್ಸೇನರ ಸುದ್ದಿಯೂ ಅಲ್ಲಿಗೆ ನಿಂತಿತು. ಯೇಸುವಿನ ಶಿಷ್ಯರದ್ದೂ ಮೊದಲಿಗೆ ಯೆಹೂದ್ಯರೊಳಗಿನ ಒಂದು ಗುಂಪೇ, ಅದು ನಿಧಾನವಾಗಿ ಬೇರೆ ಧರ್ಮವಾಯಿತು. ಮೋಶೆಯ ಧರ್ಮಶಾಸ್ತ್ರವನ್ನೇ ಪಾಲಿಸುವ ನೆರೆಯ ಜನರಾದ ಸಮಾರ್ಯದವರು ಈ ಜಗಳಗಳಿಂದ ಆಗಲೇ ಹೊರಗಿದ್ದರು. ಅವರ ಪವಿತ್ರ ಬೆಟ್ಟ ಗೆರಿಜ್ಜೀಮ್, ಯೆರೂಸಲೇಮ್ ಅಲ್ಲ. ಈಗ ಉಳಿದಿರುವವರು ಸಾವಿರಕ್ಕಿಂತ ಕಡಿಮೆ. ಇವತ್ತಿಗೂ ಪ್ರತಿ ಪಸ್ಕ ಹಬ್ಬದಲ್ಲಿ ಆ ಬೆಟ್ಟದ ಮೇಲೆ ಕುರಿ ಬಲಿ ಕೊಡುತ್ತಾರೆ.

ಫರಿಸಾಯರಿಗೆ ಮಾತ್ರ ದಾರಿ ಉಳಿದಿತ್ತು. ಮನೆಯ ಊಟದ ಮೇಜಿನಲ್ಲೂ ಯಾಜಕರಷ್ಟೇ ಮಡಿ ಪಾಲಿಸಬೇಕು ಅನ್ನುತ್ತಿದ್ದವರು ಅವರಲ್ಲಿದ್ದರು. ದೇವಾಲಯ ಇಲ್ಲದಿದ್ದರೂ ಮನೆ ಇತ್ತು, ಊಟ ಇತ್ತು, ಓದು ಇತ್ತು. ರೋಮಿನವರು ಯೆರೂಸಲೇಮಿಗೆ ಹಾಕಿದ್ದ ಮುತ್ತಿಗೆಯ ನಡುವೆ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವನ್ನು ಶಿಷ್ಯರು ಹೆಣದ ಹಾಗೆ ಹೊತ್ತು ಊರಾಚೆ ದಾಟಿಸಿದರು, ಅವನು ಯಾವ್ನೆ ಅನ್ನುವ ಊರಲ್ಲಿ ಪಾಠ ಶುರು ಮಾಡಿದ ಅಂತ ತಾಲ್ಮುದ್ ಹೇಳುತ್ತದೆ. ಇವತ್ತಿನ ಯೆಹೂದ್ಯ ಧರ್ಮ ಬೆಳೆದಿದ್ದು ಆ ರಬ್ಬಿಗಳ ಪರಂಪರೆಯಿಂದ. ದಿನಕ್ಕೆ ಮೂರು ಸಲ ನಿಂತು ಹೇಳುವ ಅವರ ಮುಖ್ಯ ಪ್ರಾರ್ಥನೆಯ ಎರಡನೇ ಭಾಗ ಸತ್ತವರನ್ನು ಬದುಕಿಸುವ ದೇವರನ್ನು ಕೊಂಡಾಡುತ್ತದೆ. ಸದ್ದುಕಾಯನೊಬ್ಬ ಆ ಸಾಲಿನಲ್ಲಿ ನಿಂತಿದ್ದರೆ ಆ ಮಾತು ಬಂದಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದ.